ಒಂದರಿಯ ಮೇಲೆ ಓಡಾಡುವವರು

ಮೈದಾವನ್ನು ಎರಡು ಸಲ ಜರಡಿ ಹಿಡಿಯಿರಿ ಎಂದು ಬೇಕಿಂಗ್ ಕಲಿಸುವವರೆಲ್ಲ ಹೇಳುತ್ತಾರೆ. ಗಾಳಿ ಸೇರಿ ಕೇಕ್ ಹಗುರಾಗಲಿ ಎಂಬುದು ಅವರು ಕೊಡುವ ಕಾರಣ. ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಒಂದರಿಯಲ್ಲಿ ಉಳಿದ ಚೂರುಗಳಲ್ಲಿ ಕೆಲವು ನಡೆಯತೊಡಗುತ್ತವೆ.

‘ಥೂ, ಹುಳ’ ಎಂದು ಡಬ್ಬಿ ಮುಚ್ಚುವ ಮೊದಲು ಯಾವ ಹುಳವೆಂದು ನೋಡಿ. ಎಲ್ಲಿಂದ ಬಂತೆಂಬುದು ಅದರಿಂದಲೇ ತಿಳಿಯುತ್ತದೆ. ಮೂತಿ ಚಾಚಿಕೊಂಡ ಕಪ್ಪು ಹುಳ ಇಡಿ ಕಾಳಿನದು. ಅದು ಮೈದಾದಲ್ಲಿ ಕಂಡರೆ ಪಕ್ಕದ ಅಕ್ಕಿ ಡಬ್ಬಿ ತೆರೆಯಿರಿ. ರವೆ ಎಳೆ ಎಳೆಯಾಗಿ ಬಲೆ ಕಟ್ಟಿ ಗಂಟಾಗಿದ್ದರೆ ಅದು ಪತಂಗದ ಮರಿಹುಳದ ಕೆಲಸ. ಚಕ್ಕೆ, ಒಣಶುಂಠಿ, ಕೋಕೋ ಪುಡಿಯಲ್ಲಿ ಬೆನ್ನು ಗೂನಾದ ಪುಟ್ಟ ದುಂಬಿ ಸಿಕ್ಕರೆ, ಅದು ಸಿಗರೇಟಿನ ತಂಬಾಕನ್ನೂ ಬಿಡದ ಲ್ಯಾಸಿಯೋಡರ್ಮಾ. ಪ್ಲಾಸ್ಟಿಕ್ ಕವರನ್ನೇ ತೂತು ಕೊರೆಯುವ ಜಾತಿ.

ಆದರೆ ಹಿಟ್ಟಿನ ನಿಜವಾದ ಒಡೆಯ ಕೆಂಪು ಹಿಟ್ಟಿನ ದುಂಬಿ, ಟ್ರೈಬೋಲಿಯಂ ಕ್ಯಾಸ್ಟೇನಿಯಂ. ಉದ್ದ 3–4 ಮಿಲಿಮೀಟರ್, ಮೈ ಚಪ್ಪಟೆ. ಗಟ್ಟಿ ಕಾಳು ಕೊರೆಯುವ ತಾಕತ್ತು ಇದಕ್ಕಿಲ್ಲ, ಯಾರಾದರೂ ಬೀಸಿಕೊಡಬೇಕು. ಹೆಣ್ಣು ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಅಂಟಂಟಾದ ಮೊಟ್ಟೆಗೆ ಹಿಟ್ಟು ಮೆತ್ತಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. 30–35 ಡಿಗ್ರಿ ಸೆಖೆಯಲ್ಲಿ ಮೊಟ್ಟೆ ದುಂಬಿಯಾಗಲು ಸುಮಾರು ಒಂದು ತಿಂಗಳು ಸಾಕು. ಹೀಗಾಗಿ ಮಂಗಳೂರಿನ ಅಡುಗೆಮನೆಗೂ ಡಿಸೆಂಬರಿನ ಬೆಂಗಳೂರಿಗೂ ಒಂದೇ ಲೆಕ್ಕ ನಡೆಯದು. ಪ್ರಯೋಗಾಲಯಗಳಿಗೆ ಇದು ಬಲು ಅಚ್ಚುಮೆಚ್ಚು. 2008ರಲ್ಲಿ ಇದರ ಜೀನೋಮ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮಗಂತೂ ಅಷ್ಟು ಪರಿಚಯ ಬೇಡ.

‘ನಾಲ್ಕು ಹುಳಕ್ಕೆ ಒಂದು ಕಿಲೋ ಹಿಟ್ಟು ಚೆಲ್ಲುತ್ತೀಯಾ? ಜರಡಿ ಹಿಡಿ, ಸರಿಹೋಗುತ್ತೆ’ ಎನ್ನುವ ಅತ್ತೆಯರು ಎಲ್ಲ ಮನೆಯಲ್ಲೂ ಇದ್ದಾರೆ. ನಿಜಕ್ಕೂ ನಾಲ್ಕೇ ಆದರೆ, ಚಪಾತಿಯ ಮಟ್ಟಿಗೆ, ಜಗಳವಾಡಲಾರೆ. ಹುಳ ಹೆಚ್ಚಿದ್ದರೆ ಮಾತ್ರ ರಾಜಿಯಿಲ್ಲ. ಈ ದುಂಬಿಯ ಮೈಯಿಂದ ಕ್ವಿನೋನ್ ಎಂಬ ರಾಸಾಯನಿಕ ಸ್ರವಿಸುತ್ತದೆ. ಹಿಟ್ಟಿಗೆ ಘಾಟು ಹತ್ತುತ್ತದೆ, ಬಣ್ಣ ತುಸು ಗುಲಾಬಿಗೆ ತಿರುಗುತ್ತದೆ, ನಾದಿದ ಕಣಕಕ್ಕೆ ಎಳೆತ ಕಡಿಮೆಯಾಗುತ್ತದೆ. ಜರಡಿಯಲ್ಲಿ ನಿಲ್ಲುವುದು ಹುಳ ಮಾತ್ರ. ಘಾಟೂ ಮೊಟ್ಟೆಯೂ ಹಿಟ್ಟಿನ ಜೊತೆಗೇ ಕೆಳಗಿಳಿಯುತ್ತವೆ. ಓವನ್ನಿನ ಕಾವಿಗೆ ಮೊಟ್ಟೆ ಸತ್ತರೂ ಕೆಟ್ಟ ರುಚಿ ಬ್ರೆಡ್ಡಿನಲ್ಲಿ ಉಳಿದೇ ಉಳಿಯುತ್ತದೆ. ಡಬ್ಬಿ ತೆರೆದ ಕೂಡಲೇ ಮೂಗು ಹಾಕಿ. ಅದರ ತೀರ್ಪೇ ಕೊನೆ.

ರವೆಯನ್ನು ಹುರಿದಿಡುವ ನಮ್ಮ ಹಳೆಯ ರೂಢಿಗೆ ನನ್ನ ಪೂರ್ಣ ಓಟು. ಮೈದಾಕ್ಕೆ ಅದು ಒಗ್ಗದು: ಹುರಿದರೆ ಗ್ಲುಟೆನ್ ಕೆಡುತ್ತದೆ, ನಾನ್‌ಖಟಾಯಿಗೆ ನಡೆದೀತು, ಬ್ರೆಡ್ಡಿಗೆ ಇಲ್ಲ. ಲವಂಗ, ಬೇವಿನೆಲೆ, ಒಣಮೆಣಸಿನಕಾಯಿಯನ್ನು ಅಕ್ಕಿ ಬೇಳೆಗೆ ಹಾಕಿಕೊಳ್ಳಿ. ಹಿಟ್ಟು ಪರಿಮಳವನ್ನು ಬೇಗ ಹೀರುತ್ತದೆ. ಲವಂಗದ ವಾಸನೆಯ ವೆನಿಲ್ಲಾ ಸ್ಪಂಜು ಯಾರಿಗೆ ಬೇಕು? ನಾನು ನಂಬುವುದು ಫ್ರೀಜರನ್ನು. ಹೊಸ ಪೊಟ್ಟಣವನ್ನು ಬಿಗಿಯಾಗಿ ಸುತ್ತಿ, ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಬಿಟ್ಟರೆ ಮೊಟ್ಟೆಯೂ ಉಳಿಯದು. ಹೊರಗೆ ತೆಗೆದ ಮೇಲೆ ತಣುಪು ಆರುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ನೀರಿನ ಪಸೆ ಹಿಡಿದು ಹಿಟ್ಟು ಗಂಟುಕಟ್ಟುತ್ತದೆ. ಫ್ರಿಜ್ಜಿನ ಕೆಳಗಿನ ಖಾನೆ ಹುಳದ ಬೆಳವಣಿಗೆಯನ್ನು ತಡೆಯುತ್ತದೆ, ಅಷ್ಟೇ.

ಆಮೇಲೆ ರಬ್ಬರ್ ಬಳೆಯ ಗಾಜಿನ ಭರಣಿ. ಸ್ಟೀಲ್ ಡಬ್ಬಿಯ ಮುಚ್ಚಳದ ಸಂದಿ ಮರಿಹುಳಕ್ಕೆ ರಾಜಬೀದಿ. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ದಿನವೂ ಮೂಟೆ ಬಿಚ್ಚುವ ಅಯ್ಯಂಗಾರ್ ಬೇಕರಿಯಲ್ಲಿ ಹುಳಕ್ಕೆ ಸಂಸಾರ ಹೂಡಲು ಪುರುಸೊತ್ತೇ ಸಿಗದು. ತಿಂಗಳಿಗೊಂದು ಕೇಕ್ ಮಾಡುವ ನಾವು ಆಫರಿನಲ್ಲಿದೆಯೆಂದು ಐದು ಕಿಲೋ ತರುತ್ತೇವೆ. ಅರ್ಧ ಕಿಲೋ ಸಾಕು.

ಕೆಟ್ಟ ಹಿಟ್ಟನ್ನು ಅಡುಗೆಮನೆಯ ಕಸದ ಬುಟ್ಟಿಗೆ ಸುರಿಯಬೇಡಿ. ಕೆಂಪು ಹಿಟ್ಟಿನ ದುಂಬಿಗೆ ರೆಕ್ಕೆಯಿದೆ, ಸೆಖೆಯಲ್ಲಿ ಹಾರಬಲ್ಲದು. ಕವರಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ ಅಂದೇ ಮನೆಯಿಂದ ಆಚೆ ಕಳಿಸಿ.