ಅಟಿಕಾದ ಸಿಟ್ಟು, ಏಳು ವರ್ಷದ ಕೊರಳು

ಹಾಡು ಇಂಪಾದರೆ ಹೋರಾಟದ ಕಾವು ಆರಿಹೋಗ್ತದೆ ಅಂತ ವಾದಿಸುವ ಗೆಳೆಯರು ಆರ್ಚಿ ಶೆಪ್‌ನ 'ಅಟಿಕಾ ಬ್ಲೂಸ್' ಕೇಳಬೇಕು. 1972ರ ಜನವರಿಯಲ್ಲಿ ಮುದ್ರಣವಾದ ಜಾಝ್ ರೆಕಾರ್ಡು ಇದು. ಶೆಪ್ ಅಮೆರಿಕದ ಕಪ್ಪು ಜನರ ಸ್ಯಾಕ್ಸೋಫೋನ್ ವಾದಕ.

ಅಟಿಕಾ ನ್ಯೂಯಾರ್ಕ್ ರಾಜ್ಯದ ಒಂದು ಜೈಲು. ಹಿಡಿಸಲಾರದಷ್ಟು ಕೈದಿಗಳು, ಹೆಚ್ಚಿನವರು ಕಪ್ಪು ಜನ. ವಾರಕ್ಕೊಂದೇ ಸ್ನಾನ. 1971ರ ಸೆಪ್ಟೆಂಬರ್ 9ರಂದು ಅವರು ತಿರುಗಿಬಿದ್ದರು. 13ರಂದು ಪೊಲೀಸರ ಗುಂಡಿಗೆ 39 ಜನ ಸತ್ತರು: 29 ಕೈದಿಗಳು, 10 ಒತ್ತೆಯಾಳುಗಳು. ಒತ್ತೆಯಾಳುಗಳ ಕತ್ತು ಕೊಯ್ದವರು ಕೈದಿಗಳೇ ಎಂದು ಅಧಿಕಾರಿಗಳು ಸುಳ್ಳು ಹಬ್ಬಿಸಿದರು. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ಗುಂಡುಗಳು.

ನಾಲ್ಕು ತಿಂಗಳಲ್ಲಿ ಶೆಪ್ ಸ್ಟುಡಿಯೋಗೆ ಬಂದ. ಅರವತ್ತರ ದಶಕದಲ್ಲಿ ಕಿವಿ ಪಳಗಿದವರಿಗಷ್ಟೇ ದಕ್ಕುವ ಒರಟು ಜಾಝ್ ನುಡಿಸಿದವನು ಇಲ್ಲಿ ಸೋಲ್ ಹಾಡಿಗೆ ಕೈಚಾಚಿದ. ಚರ್ಚಿನಲ್ಲಿ ಹುಟ್ಟಿ, ರೇಡಿಯೋದಲ್ಲಿ ಬೀದಿಗೆ ಬಂದ ಹಾಡುಗಾರಿಕೆ ಅದು. ಹೆನ್ರಿ ಹಲ್‌ನ ಕೊರಳು, ಹೆಂಗಸರ ಹಿಮ್ಮೇಳ, ಕುಣಿಸುವ ಡ್ರಮ್ಮು. ಶೆಪ್ ಕೆಳಗಿಳಿದ ಅನ್ನುವವರುಂಟು. ಎಲ್ಲಿಂದ ಎಲ್ಲಿಗೆ ಇಳಿದ ಸ್ವಾಮಿ? ತನ್ನ ಕೇರಿಗೆ ತಾನು ಹೋದರೆ ಅದು ಇಳಿಯೋದಾ?

ಜಾರ್ಜ್ ಜಾಕ್ಸನ್ ಹೆಸರಿನ ಬ್ಲೂಸ್‌ನಲ್ಲಿ ಒಂದು ಮಾತೂ ಇಲ್ಲ, ಬರೀ ವಾದ್ಯ. ಜಾಕ್ಸನ್ 1971ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಜೈಲಿನಲ್ಲಿ ಗುಂಡಿಗೆ ಬಲಿಯಾದ ಬ್ಲ್ಯಾಕ್ ಪ್ಯಾಂಥರ್. ಮುಂಬೈಯ ಯುವಕರು ದಲಿತ ಪ್ಯಾಂಥರ್ಸ್ ಕಟ್ಟುವಾಗ ಎರವಲು ಪಡೆದದ್ದು ಆ ಸಂಘಟನೆಯ ಹೆಸರನ್ನೇ, ಅದೂ ಈ ರೆಕಾರ್ಡಿನ ವರ್ಷವೇ.

ನಮ್ಮನ್ನು ಹೆಚ್ಚು ಕಾಡಿದ್ದು ನಿಧಾನದ ಹಾಡುಗಳು. ಜೋ ಲೀ ವಿಲ್ಸನ್ ಹಾಡುವ 'ಸ್ಟೀಮ್' ತೊಟ್ಟಿಲು ತೂಗಿದ ಹಾಗೆ ಸಾಗ್ತದೆ. 'ಗುಡ್‌ಬೈ ಸ್ವೀಟ್ ಪಾಪ್ಸ್' 1971ರಲ್ಲಿ ತೀರಿಕೊಂಡ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ವಿದಾಯ. ರಚನೆ ಕ್ಯಾಲ್ ಮ್ಯಾಸಿಯದು. ಬಿಳಿಯರಿಗೆ ಹಲ್ಲುಕಿರಿದವ ಎಂದು ಬಯ್ಯಿಸಿಕೊಂಡ ಹಿರಿಯ ಆರ್ಮ್‌ಸ್ಟ್ರಾಂಗ್. ಬಂಡಾಯಗಾರರೇ ಅವನಿಗೆ ಮಣ್ಣು ಕೊಡ್ತಾರೆ. ಇಷ್ಟು ಎದೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ನಡುವೆ ಬರುವ ಗದ್ಯದ ತುಣುಕುಗಳು ನಮಗೆ ರುಚಿಸಲಿಲ್ಲ. ಓದಿದವರಲ್ಲೊಬ್ಬ ವಿಲಿಯಂ ಕನ್‌ಸ್ಟ್ಲರ್, ಅಟಿಕಾಕ್ಕೆ ಹೋಗಿ ಸಂಧಾನದಲ್ಲಿ ನಿಂತ ವಕೀಲ. ದೊಡ್ಡ ಮನುಷ್ಯನೇ, ಆದರೆ ಭಾಷಣ ಭಾಷಣವೇ.

ಕೊನೆಯ ಹಾಡು 'ಕ್ವಯಟ್ ಡಾನ್'. ಹಾಡಿದ್ದು ಮ್ಯಾಸಿಯ ಮಗಳು ವಹೀದಾ, ಏಳು ವರ್ಷದ ಹುಡುಗಿ. ಶ್ರುತಿ ಅಲ್ಲಲ್ಲಿ ಜಾರ್ತದೆ. ಶೆಪ್ ಅದನ್ನು ತಿದ್ದಿ ನುಣುಪು ಮಾಡಲಿಲ್ಲ. ದೊಡ್ಡ ವಾದ್ಯಮೇಳದ ಮುಂದೆ ಆ ಮಗು ಅಂಜದೆ ಹಾಡಿ ಮುಗಿಸ್ತದೆ. ಹಾಡು ಬರೆದ ಅಪ್ಪ ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡ.