ಮ್ಯಾಂಡರಿನ್ ಮೀನಿನ ಸಾಕಣೆ: ಲೀಟರಿನ ಲೆಕ್ಕ, ಹೊಟ್ಟೆಯ ಲೆಕ್ಕ

ಮ್ಯಾಂಡರಿನ್ ಮೀನು ಪಶ್ಚಿಮ ಪೆಸಿಫಿಕ್ ಸಾಗರದ ನಿವಾಸಿ. ಜಪಾನಿನ ರ್ಯೂಕ್ಯೂ ದ್ವೀಪಗಳಿಂದ ಹಿಡಿದು ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳನ್ನು ಹಾಯ್ದು ಆಸ್ಟ್ರೇಲಿಯಾದವರೆಗೆ, ಅಲೆಯ ಹೊಡೆತ ಕಡಿಮೆಯಿರುವ ಹವಳದ ದಿಬ್ಬಗಳಲ್ಲಿ ಅದು ಸಿಗುತ್ತದೆ. ಉದ್ದ ಆರೇಳು ಸೆಂ.ಮೀ. ಮೈಮೇಲೆ ಹುರುಪೆಯಿಲ್ಲ, ಅದರ ಬದಲು ಕೆಟ್ಟ ವಾಸನೆಯ, ಕಹಿಯಾದ ಲೋಳೆಯ ಹೊದಿಕೆಯಿದೆ. ಕಿತ್ತಳೆ ಮೈಮೇಲೆ ಅಂಕುಡೊಂಕಾಗಿ ಹರಿಯುವ ನೀಲಿ ಪಟ್ಟೆಗಳೇ ಅದರ ಹೆಗ್ಗುರುತು. ಸಾಮಾನ್ಯವಾಗಿ ಪ್ರಾಣಿಗಳ ನೀಲಿಯೆಂದರೆ ಬೆಳಕು ಚದುರುವುದರಿಂದ ಮೂಡುವ ತೋರಿಕೆ. ಮ್ಯಾಂಡರಿನ್ ಮೀನಿನದು ಹಾಗಲ್ಲ. ಅದರ ಚರ್ಮದ ಕೋಶಗಳಲ್ಲಿ ನೀಲಿ ವರ್ಣದ್ರವ್ಯವೇ ಇದೆ ಎಂಬುದು 1990ರ ದಶಕದಲ್ಲಿ ಖಚಿತವಾಯಿತು. ಇಂಥ ಕೋಶಗಳಿರುವ ಮೀನುಗಳು ಬೆರಳೆಣಿಕೆಯಷ್ಟು.

ಉಪ್ಪುನೀರಿನ ಅಕ್ವೇರಿಯಂ ಹವ್ಯಾಸದಲ್ಲಿ ಇದಕ್ಕಿರುವಷ್ಟು ಬೇಡಿಕೆ ಕೆಲವೇ ಮೀನುಗಳಿಗಿದೆ. ಹಸಿವಿನಿಂದ ಸಾಯುವ ಮೀನುಗಳ ಸಾಲಿನಲ್ಲಿಯೂ ಇದರದ್ದೇ ಮುಂದಿನ ಸ್ಥಾನ. ಕಾರಣ ಗೊತ್ತಿಲ್ಲದ್ದೇನಲ್ಲ. ಬಂಡೆಯ ಮೇಲೆ ಇದು ಈಜುವುದಕ್ಕಿಂತ ಹೆಚ್ಚಾಗಿ ಕೆಳರೆಕ್ಕೆಗಳನ್ನು ಊರಿ ತೆವಳುತ್ತದೆ. ಒಂದೆಡೆ ನಿಂತು ಕಣ್ಣನ್ನು ಅತ್ತಿತ್ತ ಹೊರಳಿಸಿ, ಬಾಯನ್ನು ಕೊಳವೆಯಂತೆ ಮುಂದೆ ಚಾಚಿ ಒಂದು ಕೊಪೆಪಾಡನ್ನು ಹೀರಿ, ಮತ್ತೆ ಎರಡು ಹೆಜ್ಜೆ ಸರಿಯುತ್ತದೆ. ಹಗಲೆಲ್ಲ ಇದೇ ಕೆಲಸ. ಕೊಪೆಪಾಡ್ ಎಂದರೆ ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ, ಸಿಗಡಿಯ ದೂರದ ನೆಂಟ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿಟಿಕೆ ಆಹಾರ ಉದುರಿಸುವ ಪದ್ಧತಿ, ಹಟ್ಟಿಯಲ್ಲಿ ಕಟ್ಟಿದರೆ ನಿಲ್ಲದ, ಬಯಲಲ್ಲೇ ಮೇಯಬೇಕಾದ ಇಂಥ ಜೀವಿಗೆ ಹೊಂದುವುದಿಲ್ಲ.

ಇದಕ್ಕೆ ಹವ್ಯಾಸಿಗಳ ವಲಯದಲ್ಲಿ ಬಹುಕಾಲದಿಂದ ಬಂದಿರುವ ಸೂತ್ರ ಒಂದೇ: ಸುಮಾರು 280 ಲೀಟರಿಗಿಂತ ದೊಡ್ಡ ತೊಟ್ಟಿ ಇರಲಿ, ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ವಯಸ್ಸಾಗಿರಲಿ. ಉದ್ದೇಶ ಸರಿ, ಅಳತೆಗೋಲು ಮಾತ್ರ ತಪ್ಪು. ಮೀನು ಲೀಟರನ್ನು ತಿನ್ನುವುದಿಲ್ಲ. ನಾಲ್ಕು ಬಂಡೆ, ಥಳಥಳಿಸುವ ಬಿಳಿ ಮರಳು, ವಾರಕ್ಕೊಮ್ಮೆ ಉಜ್ಜಿ ತೊಳೆದ ಗಾಜು ಇರುವ 400 ಲೀಟರಿನ ತೊಟ್ಟಿ ಈ ಮೀನಿಗೆ ಮರುಭೂಮಿ. ಅದರ ಅರ್ಧ ಗಾತ್ರದ್ದಾದರೂ, ಸಂದುಗೊಂದಿನ ಬಂಡೆಗಳಿದ್ದು, ಮೂಲೆಯಲ್ಲಿ ಪಾಚಿ ಬೆಳೆದು, ರಾತ್ರಿ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಚುಕ್ಕೆಗಳು ಓಡಾಡುವ ತೊಟ್ಟಿಯೇ ಲೇಸು. ಈ ರಾತ್ರಿ ಪರೀಕ್ಷೆಗೆ ಖರ್ಚಿಲ್ಲ. ಆದರೂ ಅದನ್ನು ಮಾಡುವವರು ಕಡಿಮೆ.

ಭಾರತದಲ್ಲಿ ಈ ಸೂತ್ರ ಮತ್ತಷ್ಟು ಕೈಕೊಡುತ್ತದೆ. ಆರು ತಿಂಗಳ ಲೆಕ್ಕ ಹುಟ್ಟಿದ್ದು, ಸಮುದ್ರದಿಂದ ನೇರವಾಗಿ ತಂದ, ಜೀವಿಗಳಿಂದ ತುಂಬಿದ ಲೈವ್ ರಾಕ್ ಬಳಸುತ್ತಿದ್ದವರ ಅನುಭವದಿಂದ. ಇಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಲಕ್ಷದ್ವೀಪದಿಂದಲೋ ಮನ್ನಾರ್ ಕೊಲ್ಲಿಯಿಂದಲೋ ಹವಳದ ಬಂಡೆ ಕಿತ್ತು ತರುವುದು ಅಪರಾಧ, ಹಾಗಿರುವುದೇ ಸರಿ. ಆದ್ದರಿಂದ ಬೆಂಗಳೂರಿನ ಹವ್ಯಾಸಿ ನ್ಯಾಯವಾಗಿ ಒಣ ಬಂಡೆ ಅಥವಾ ಸೆರಾಮಿಕ್ ಬಂಡೆಯಿಂದಲೇ ಶುರು ಮಾಡಬೇಕು. ಅದರಲ್ಲಿ ಮೊದಲ ದಿನ ಒಂದು ಕೊಪೆಪಾಡೂ ಇರುವುದಿಲ್ಲ. ಹೊರಗಿನಿಂದ ತಂದು ಬಿಟ್ಟು, ಮೀನಿಲ್ಲದೆಯೇ ಬೆಳೆಯಲು ಬಿಡದಿದ್ದರೆ ವರ್ಷ ಕಳೆದರೂ ತೊಟ್ಟಿ ಬರಡೇ.

ಪರಿಹಾರವಾಗಿ ಎರಡು ದಾರಿಗಳಿವೆ. ರೆಫ್ಯೂಜಿಯಂ ಮೊದಲನೆಯದು: ಮುಖ್ಯ ತೊಟ್ಟಿಗೆ ನೀರಿನ ಸಂಪರ್ಕವಿರುವ, ಮೀನಿಲ್ಲದ ಪಕ್ಕದ ಕೋಣೆ. ಅಲ್ಲಿ ಕೀಟೋಮಾರ್ಫಾ ಪಾಚಿಯ ಉಂಡೆಯೊಳಗೆ ಕೊಪೆಪಾಡ್‌ಗಳು ನೆಮ್ಮದಿಯಾಗಿ ಸಂತಾನ ಬೆಳೆಸಿ, ಹೆಚ್ಚಾದವು ಹರಿವಿನೊಂದಿಗೆ ಮೀನಿನತ್ತ ಸಾಗುತ್ತವೆ. ನಿಜವಾದ ಉತ್ತರ ಇದೇ. ಹೆಪ್ಪುಗಟ್ಟಿದ ಆಹಾರಕ್ಕೆ ಮೀನನ್ನು ಒಗ್ಗಿಸುವುದು ಎರಡನೆಯದು. ಸಣ್ಣ ಬಲೆಪೆಟ್ಟಿಗೆಯಲ್ಲಿ ಮೀನನ್ನಿಟ್ಟು, ಮೊದಲು ಜೀವಂತ ಆರ್ಟೀಮಿಯಾ ಮರಿ, ಆಮೇಲೆ ಅದರ ಜೊತೆ ಮೀನಿನ ಮೊಟ್ಟೆ ಅಥವಾ ಮೈಸಿಸ್ ಸಿಗಡಿಯ ಚೂರು ಬೆರೆಸುತ್ತ ಹೋಗುವ ಈ ಪಾಠ ಕೆಲವು ಮೀನುಗಳಿಗೆ ಹತ್ತುತ್ತದೆ, ಕೆಲವಕ್ಕೆ ಹತ್ತುವುದೇ ಇಲ್ಲ. ಕಲಿತ ಮೀನಿಗೂ ದಿನಕ್ಕೆ ಹಲವು ಸಲ ಉಣಿಸಬೇಕು, ಅದರಿಂದ ನೀರು ಕೆಡದಂತೆ ನೋಡಿಕೊಳ್ಳಬೇಕು. ಬಹುಪಾಲು ಹವ್ಯಾಸಿಗಳು ಇದನ್ನು ಮೊದಲನೆಯದಕ್ಕೆ ಬದಲಿಯೆಂದು ಹಿಡಿಯುತ್ತಾರೆ. ಅದು ಪೂರಕ ಮಾತ್ರ.

ಜೊತೆಗಾರರ ಆಯ್ಕೆಯಲ್ಲೂ ಹೊಟ್ಟೆಯ ಲೆಕ್ಕವೇ ಮುಖ್ಯ. ಸಿಕ್ಸ್‌ಲೈನ್ ರ್ಯಾಸ್ ಎಂಬ ಮೀನು ಅದೇ ಕೊಪೆಪಾಡ್‌ಗಳನ್ನು ಮ್ಯಾಂಡರಿನ್‌ಗಿಂತ ಚುರುಕಾಗಿ ಹೆಕ್ಕಿ ಮುಗಿಸುತ್ತದೆ. ಕಾರ್ಪೆಟ್ ಅನಿಮೊನಿ ಮೀನನ್ನೇ ನುಂಗಬಲ್ಲದು. ಬೆನ್ನಿನ ಮೊದಲ ರೆಕ್ಕೆಯ ಮುಳ್ಳು ಉದ್ದವಿದ್ದರೆ ಗಂಡು. ಸಾಮಾನ್ಯ ತೊಟ್ಟಿಯಲ್ಲಿ ಎರಡು ಗಂಡುಗಳನ್ನು ಬಿಡುವಂತಿಲ್ಲ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ ಲೀಟರಿಗೆ 35 ಗ್ರಾಂ ಆಸುಪಾಸು: ಇದು ಹವಳದ ತೊಟ್ಟಿಗಳಿಗೆಲ್ಲ ಅನ್ವಯಿಸುವ ಮಾತು.

ಬಣ್ಣ ನೋಡಿ ಆರೋಗ್ಯ ಅಳೆಯುವುದು ಇಲ್ಲಿ ದೊಡ್ಡ ಮೋಸ. ಸೊರಗುತ್ತಿರುವ ಮ್ಯಾಂಡರಿನ್ ಕೂಡ ಮಿರಿಮಿರಿ ಮಿಂಚುತ್ತಿರುತ್ತದೆ. ನೋಡಬೇಕಾದದ್ದು ಮೇಲಿನಿಂದ: ತಲೆಯ ಹಿಂದೆ ಮೈ ತುಂಬಿಕೊಂಡಿದೆಯೋ, ಹೊಟ್ಟೆಯ ಪಕ್ಕ ಒಳಕ್ಕೆ ಬಿದ್ದಿದೆಯೋ ಎಂಬುದನ್ನು. ಅಂಗಡಿಗೆ ಬರುವ ಹೊತ್ತಿಗೇ ಅನೇಕ ಮೀನುಗಳು ಹೀಗೆ ಬತ್ತಿರುತ್ತವೆ. ಹಿಡಿದಂದಿನಿಂದ ಅವು ತಿಂದಿರುವುದೇ ಅಲ್ಪ.

ಹಿಡಿಯುವ ಬಗೆಯಂತೂ ಸಮರ್ಥಿಸಲು ಕಷ್ಟ. ಫಿಲಿಪ್ಪೀನ್ಸಿನಲ್ಲಿ ಸೂಜಿಮೊನೆಯ ಪುಟ್ಟ ಈಟಿಕೋವಿಯಿಂದ ಮೀನಿನ ರೆಕ್ಕೆ ಚುಚ್ಚಿ ಹಿಡಿಯುವ ಪದ್ಧತಿ ದಾಖಲಾಗಿದೆ. ಉದ್ದ ಮುಳ್ಳಿನ ದೊಡ್ಡ ಗಂಡುಗಳಿಗೇ ಬೆಲೆ ಹೆಚ್ಚು. ಹೆಣ್ಣುಗಳು ಸಂಗಾತಿಯಾಗಿ ಆರಿಸುವುದೂ ಅವನ್ನೇ. ಹಾಗಾಗಿ ಹಿಡಿದ ಪ್ರತಿ ಗಂಡಿನ ನಷ್ಟ ಸಂತಾನದ ಮೇಲೂ ಬೀಳುತ್ತದೆ. ತೊಟ್ಟಿಯಲ್ಲಿ ಮುಸ್ಸಂಜೆಗೆ ಜೋಡಿಯಾಗಿ ಮೇಲೇರಿ ಮೊಟ್ಟೆ ಬಿಡುವುದು ಈ ಮೀನಿಗೆ ಕಷ್ಟವಲ್ಲ. ಅತಿ ಚಿಕ್ಕ ಮರಿಗಳಿಗೆ ತಿನ್ನಿಸುವುದೇ ಕಷ್ಟ. ಆದರೂ 2010ರ ಹೊತ್ತಿಗೆ ಅಮೆರಿಕದಲ್ಲಿ ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ಮಾರಾಟಕ್ಕೆ ಬಂದವು. ಇವು ಚಿಕ್ಕಂದಿನಿಂದಲೇ ಸಿದ್ಧ ಆಹಾರ ಕಂಡಿರುವುದರಿಂದ ಹೊಸ ಮನೆಗೆ ಬೇಗ ಹೊಂದುತ್ತವೆ. ಬೆಲೆ ದುಬಾರಿ, ಗಾತ್ರ ಸಣ್ಣದು, ಮೇಯುವ ಚಾಳಿ ಮಾತ್ರ ಕಡಲಿನ ಮೀನಿನದ್ದೇ. ರೆಫ್ಯೂಜಿಯಂ ಇವಕ್ಕೂ ಬೇಕು.