ಕುರುಬನೂ ಕತ್ತಲೆಯ ಕಣಿವೆಯೂ

ನಮ್ಮ ನಡುಮನೆಯ ಗೋಡೆಯ ಮೇಲೆ ಎಷ್ಟೋ ವರ್ಷ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿ ಚಿತ್ರವೊಂದೇ ಉಳಿದಿತ್ತು. ಹಸಿರು ಗುಡ್ಡ, ತಿಳಿನೀರಿನ ಹಳ್ಳ, ಬಿಳಿಯ ನಿಲುವಂಗಿಯ ಏಸು, ಅವನ ಹೆಗಲ ಮೇಲೊಂದು ಕುರಿಮರಿ. ನನ್ನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕ್ರೈಸ್ತ ಶಿಕ್ಷಕಿಯೊಬ್ಬರು ಹೊಸ ವರ್ಷಕ್ಕೆ ಕೊಟ್ಟದ್ದು. ನಾನು ಕ್ರೈಸ್ತಳಲ್ಲ. ಆದರೂ ಚಿತ್ರ ಚೆನ್ನಾಗಿದೆಯೆಂದು ಇಟ್ಟುಕೊಂಡಿದ್ದೆ.

ನಮ್ಮ ಯಜಮಾನರು ತೀರಿಕೊಂಡ ವರ್ಷ ಆ ಚಿತ್ರದ ಮುಖ ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಬಿಟ್ಟೆ. ಇಷ್ಟು ಚೆನ್ನಾಗಿ ಕಾಯುವವನೊಬ್ಬ ಇದ್ದರೆ ಹೀಗೇಕಾಯಿತು ಎಂಬ ಸಿಟ್ಟು. ಆ ಗೆಳತಿ ಮನೆಗೆ ಬಂದಾಗ ಅದನ್ನು ನೋಡಿದರು. ಏನೂ ಅನ್ನಲಿಲ್ಲ. ಕೆಲವು ತಿಂಗಳು ಬಿಟ್ಟು ಒಂದು ಹಳೆಯ ಕನ್ನಡ ಬೈಬಲ್ ತಂದುಕೊಟ್ಟು, “ಚಿತ್ರ ಬ್ಯಾಡಂದ್ರ ಬಿಡ್ರಿ ಅಕ್ಕಾ. ಇದನ್ನ ಓದಿ ನೋಡ್ರಿ. ಆಮ್ಯಾಲೆ ಬೇಕಾದ್ರ ಜಗಳಾಡೂಣು” ಎಂದರು. ಹಾಗೆ ಓದಿದವಳ ಮಾತುಗಳಿವು. ಧರ್ಮಶಾಸ್ತ್ರ ಬಲ್ಲವಳಲ್ಲ. ಕವಿತೆ ಪಾಠ ಮಾಡುವವಳ ಕಣ್ಣಿನಿಂದ ಓದಿದ್ದೇನೆ, ಅಷ್ಟೆ.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಶಬ್ದ. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಹಳೆಯ ಕನ್ನಡ ಅನುವಾದಕರು ದೇವರನ್ನು ‘ಕುರುಬ’ ಎಂದೇ ಕರೆದಿದ್ದಾರೆ. ನಂತರದ ಅನುವಾದವೊಂದರಲ್ಲಿ ಅದು ‘ಕುರಿಗಾಹಿ’ ಆಗಿದೆ. ಕುರಿಗಾಹಿ ಎಂಬುದು ನಯವಾದ ಮಾತು, ಪದ್ಯಕ್ಕೆ ಒಪ್ಪುತ್ತದೆ. ಕುರುಬ ಎಂದ ಕೂಡಲೇ ನಮ್ಮ ಕಣ್ಣಮುಂದೆ ಕಂಬಳಿ, ಕೋಲು, ಬೆವರು, ಕುರಿಯ ವಾಸನೆ ಎಲ್ಲವೂ ಬರುತ್ತವೆ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ನಿಲ್ಲಿಸಿ ರಾತ್ರಿಯೆಲ್ಲ ಎಚ್ಚರವಾಗಿ ಕೂತ ಮನುಷ್ಯ ಬರುತ್ತಾನೆ. ದೇವರಿಗೆ ಆ ಹೆಸರನ್ನಿಡಲು ಹಿಂಜರಿಯದ ಹಳಬರ ಧೈರ್ಯವೇ ನನಗೆ ಮೆಚ್ಚು. ಹೀಬ್ರೂ ಮೂಲದ ‘ರೋಎ’ ಎಂಬ ಮಾತು ಕೂಡ ಮೇಯಿಸುವವನು ಎಂಬ ನಿತ್ಯದ ಕಸುಬಿನ ಮಾತೇ.

ಒಮ್ಮೆ ಒಂಬತ್ತನೆಯ ತರಗತಿಯ ನೀತಿಪಾಠದಲ್ಲಿ ಲೂಕನ ಸುವಾರ್ತೆಯ ಕಥೆ ಹೇಳಿದೆ. 100 ಕುರಿಗಳಿರುವವನು ಒಂದು ತಪ್ಪಿಸಿಕೊಂಡಾಗ ಉಳಿದ 99ನ್ನು ಅಡವಿಯಲ್ಲಿ ಬಿಟ್ಟು ಆ ಒಂದನ್ನೇ ಹುಡುಕಿಕೊಂಡು ಹೋಗುತ್ತಾನೆ. ಹಿಂದಿನ ಬೆಂಚಿನಲ್ಲಿ ಕುರಿ ಕಾಯುವವರ ಮನೆಯ ಹುಡುಗನೊಬ್ಬ ಎದ್ದು ನಿಂತ. “ಒಬ್ಬಾಂವ ಇದ್ರ ಹಂಗ ಬಿಟ್ಟು ಹೋಗಂಗಿಲ್ರಿ ಟೀಚರ್. ಉಳದವನ್ನ ತೋಳ ತಿಂತೈತಿ. ಕಾಯಾಕ ಇನ್ನೊಬ್ಬಾಂವ ಇರಬೇಕು, ನಾಯಿ ಇರಬೇಕು.” ಅಷ್ಟಕ್ಕೇ ಬಿಡಲಿಲ್ಲ. “ಅದಲ್ದ ಎಷ್ಟ್ ಜ್ವಾಕಿ ಮಾಡಿದ್ರೂ ಕಡೀಕ ಜಾತ್ರಿಗೆ ಮಾರೂದ ಅಲ್ರಿ?” ತರಗತಿ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. ಕ್ಯಾಲೆಂಡರ್ ತಿರುಗಿಸಿದಾಗ ನನಗೆ ಬಂದ ಸಿಟ್ಟೂ ಹುಡುಗನ ಪ್ರಶ್ನೆಯೂ ಒಂದೇ ಎಂದು ಆಮೇಲೆ ಹೊಳೆಯಿತು. ಕಾಯುವವನು ನಿಜವಾಗಿ ಕಾಯುತ್ತಾನೆಯೆ?

ಬೈಬಲನ್ನು ಕೂತು ಓದಿದಾಗ ತಿಳಿದದ್ದು, ಆ ಪ್ರಶ್ನೆಯನ್ನು ಬೈಬಲ್ ತಾನೇ ಕೇಳಿಕೊಂಡಿದೆ ಎಂಬುದು. ಕುರುಬನೆಂಬ ರೂಪಕ ಅಲ್ಲಿ ಮುದ್ದು ಮಾಡಲು ಹುಟ್ಟಿದ್ದಲ್ಲ. ಅದು ಆಳುವವರ ಬಿರುದು. ಕ್ರಿಸ್ತಪೂರ್ವ 18ನೆಯ ಶತಮಾನದ ಬಾಬಿಲೋನಿನ ಅರಸ ಹಮ್ಮುರಾಬಿ ತನ್ನ ಕಾನೂನಿನ ಪೀಠಿಕೆಯಲ್ಲಿ ತನ್ನನ್ನೇ ಕುರುಬನೆಂದು ಕರೆದುಕೊಂಡಿದ್ದಾನೆ. ಗ್ರೀಕರ ಹೋಮರನೂ ಅರಸರಿಗೆ ಅದೇ ಹೆಸರು ಕೊಟ್ಟಿದ್ದಾನೆ. ಇಸ್ರೇಲಿನ ಪ್ರವಾದಿಗಳು ಈ ಬಿರುದನ್ನೇ ಹಿಡಿದು ಅರಸರನ್ನು ಕಟಕಟೆಗೆ ನಿಲ್ಲಿಸಿದರು. ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯ ಓದಿದರೆ ಇದು ತಿಳಿಯುತ್ತದೆ. ಅಲ್ಲಿನ ಕುರುಬರು ಕೊಬ್ಬು ತಿನ್ನುತ್ತಾರೆ, ಉಣ್ಣೆ ಹೊದೆಯುತ್ತಾರೆ. ಮುರಿದ ಕಾಲಿಗೆ ಪಟ್ಟಿ ಕಟ್ಟುವುದಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕುವುದಿಲ್ಲ. ಇವರ ಕೈಯಿಂದ ಮಂದೆಯನ್ನು ಕಸಿದುಕೊಂಡು ನಾನೇ ಮೇಯಿಸುತ್ತೇನೆ ಎಂದು ದೇವರು ಅಲ್ಲಿ ಹೇಳುತ್ತಾನೆ. ಆ ಪ್ರವಾದಿ ಕುರಿಗಳನ್ನೂ ಬಿಡುವುದಿಲ್ಲ. ಕೊಬ್ಬಿದ ಕುರಿಗಳು ಬಡಕಲು ಕುರಿಗಳನ್ನು ಪಕ್ಕೆಯಿಂದ, ಭುಜದಿಂದ, ಕೊಂಬಿನಿಂದ ತಳ್ಳುತ್ತವೆ. ತಾವು ತಿಳಿನೀರು ಕುಡಿದು ಉಳಿದದ್ದನ್ನು ಕಾಲಿನಿಂದ ಕಲಕುತ್ತವೆ. ಇಷ್ಟು ವರ್ಷ ಶಾಲೆಯಲ್ಲಿದ್ದ ನನಗೆ ಈ ಸಾಲುಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಯ ಬಳಿ ಊಟದ ಬಿಡುವಿನಲ್ಲಿ ದಿನವೂ ನೋಡಿದ್ದೇನೆ.

ಇದಕ್ಕಿಂತ ಕಟುವಾದ ಚಿತ್ರ ಆಮೋಸನದು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಆಮೋಸ ತೆಕೋವ ಎಂಬ ಊರಿನವನು, ಸ್ವತಃ ಕುರಿ ಸಾಕಿದವನು. ಸಿಂಹದ ಬಾಯಿಂದ ಕುರುಬ ಏನನ್ನು ಬಿಡಿಸಿಕೊಂಡು ಬರಬಲ್ಲ ಎಂದು ಅವನು ಹೇಳುವಾಗ ಇಡೀ ಕುರಿಯ ಮಾತೇ ಇಲ್ಲ. ಎರಡು ಕಾಲು, ಇಲ್ಲವೇ ಕಿವಿಯ ಒಂದು ಚೂರು. ಸಮಾರ್ಯದಲ್ಲಿ ಸುಖವಾಗಿ ಮಂಚದ ಮೇಲೆ ಕೂತವರಿಗೂ ಉಳಿಯುವುದು ಇಷ್ಟೇ ಎಂದು ಅವನ ಎಚ್ಚರಿಕೆ. ಕ್ರಿಸ್ತಪೂರ್ವ 722ರ ಹೊತ್ತಿಗೆ ಸಮಾರ್ಯ ಬಿದ್ದೇಹೋಯಿತು. ಈ ಚೂರಿಗೆ ಇನ್ನೊಂದು ಅರ್ಥವೂ ಇದೆ. ಬೇರೆಯವರ ಪ್ರಾಣಿಯನ್ನು ಕಾಯುತ್ತಿರುವಾಗ ಕಾಡುಮೃಗ ಅದನ್ನು ಸೀಳಿಹಾಕಿದರೆ, ಉಳಿದದ್ದನ್ನು ಸಾಕ್ಷಿಯಾಗಿ ತಂದು ತೋರಿಸಬೇಕು, ಆಗ ದಂಡ ಕೊಡಬೇಕಾಗಿಲ್ಲ ಎಂದು ವಿಮೋಚನಕಾಂಡದ ಕಾನೂನು ಹೇಳುತ್ತದೆ. ಕಿವಿಯ ಚೂರು ಹಿಡಿದು ಬಂದ ಕುರುಬ ತಾನು ಓಡಿಹೋಗಲಿಲ್ಲ, ಅಲ್ಲಿದ್ದೆ ಎಂದು ತೋರಿಸುತ್ತಿದ್ದಾನೆ. ಉಳಿಸಿಕೊಳ್ಳಲು ಮಾತ್ರ ಆಗಲಿಲ್ಲ.

ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟೆ. ಆಸ್ಪತ್ರೆಯ ಕೊನೆಯ 11 ರಾತ್ರಿಗಳು ನೆನಪಾದವು. ಅವರ ಕೈ ಹಿಡಿದು ಕೂತಿದ್ದೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಲಿಲ್ಲ.

ಆಮೇಲೆ ಇಪ್ಪತ್ತಮೂರನೆಯ ಕೀರ್ತನೆಯನ್ನು ಮತ್ತೆ ಓದಿದೆ. ಆರೇ ವಚನಗಳ ಸಣ್ಣ ಪದ್ಯ. ಮೊದಲಿಗೆ ಹುಲ್ಲುಗಾವಲು, ನೀರು; ಕ್ಯಾಲೆಂಡರಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಅಲ್ಲಿಯವರೆಗೂ ಕವಿ ದೇವರನ್ನು ‘ಆತನು’ ಎನ್ನುತ್ತಾನೆ. ದಾರಿ ಕಣಿವೆಗೆ ಇಳಿದ ಕೂಡಲೇ ‘ಆತನು’ ಹೋಗಿ ‘ನೀನು’ ಬರುತ್ತದೆ. ಹಸಿರಿನಲ್ಲಿ ಮೂರನೆಯ ಪುರುಷನಾಗಿದ್ದವನು ಕತ್ತಲೆಯಲ್ಲಿ ಎದುರಿನವನಾಗುತ್ತಾನೆ. ವ್ಯಾಕರಣದ ಪಾಠ ಮಾಡುವವಳಾದ ನನಗೆ ಸರ್ವನಾಮದ ಈ ಬದಲಾವಣೆಗಿಂತ ದೊಡ್ಡ ವ್ಯಾಖ್ಯಾನ ಬೇಕಾಗಲಿಲ್ಲ. ಕಣಿವೆ ಇಲ್ಲವಾಗುತ್ತದೆ ಎಂದಾಗಲಿ, ಮೃಗ ಬರುವುದಿಲ್ಲ ಎಂದಾಗಲಿ ಅಲ್ಲಿ ಮಾತಿಲ್ಲ. ಜೊತೆಯಲ್ಲಿ ಒಬ್ಬನಿದ್ದಾನೆ, ಅವನ ಕೈಯಲ್ಲಿ ಕೋಲಿದೆ, ಅಷ್ಟೇ. 1611ರ ಇಂಗ್ಲಿಷ್ ಅನುವಾದದಲ್ಲಿ ಅದು ಸಾವಿನ ನೆರಳಿನ ಕಣಿವೆ. ನಮ್ಮ ಕನ್ನಡದಲ್ಲಿ ಕಾರ್ಗತ್ತಲೆಯ ಕಣಿವೆ. ಮೂಲದ ಶಬ್ದ ಎರಡಕ್ಕೂ ಎಡೆಕೊಡುತ್ತದೆ. ನನಗೆ ಕನ್ನಡದ್ದೇ ಹೆಚ್ಚು ಹತ್ತಿರ. ಸಾಯುವವರಿಗೆ ಮಾತ್ರವಲ್ಲ, ಉಳಿದವರಿಗೂ ಆ ಕಣಿವೆಯಲ್ಲಿ ದಾರಿಯಿದೆ.

ಕೊನೆಯಲ್ಲಿ ಒಳ್ಳೆಯದೂ ಕೃಪೆಯೂ ಹಿಂಬಾಲಿಸುತ್ತವೆ ಎಂಬ ಮಾತಿದೆಯಲ್ಲ, ಅಲ್ಲಿನ ಹೀಬ್ರೂ ಕ್ರಿಯಾಪದ ಸಾಮಾನ್ಯವಾಗಿ ಶತ್ರು ಬೆನ್ನಟ್ಟುವುದಕ್ಕೆ ಬಳಸುವಂಥದು. ಅಷ್ಟು ದಿನ ಶತ್ರು ಅಟ್ಟಿಸಿಕೊಂಡು ಬಂದವನನ್ನು ಈಗ ಕೃಪೆ ಅಟ್ಟಿಸಿಕೊಂಡು ಬರುತ್ತದೆ. ‘ಹಿಂಬಾಲಿಸು’ ಎಂದಾಗ ಈ ಓಟ ಕಳೆದುಹೋಗುತ್ತದೆ.

ಕುರುಬನ ರೂಪಕಕ್ಕೂ ದೇವರ ಸಾನ್ನಿಧ್ಯದ ಇತರ ರೂಪಕಗಳಿಗೂ ನಂಟು ಇಲ್ಲಿದೆ ಎಂದು ನನ್ನ ತಿಳುವಳಿಕೆ. ಮಾವನ ಕುರಿ ಮೇಯಿಸುತ್ತಿದ್ದ ಮೋಶೆಗೆ ಉರಿಯುವ ಪೊದೆ ಕಂಡಿತು. ನಾನೆಷ್ಟರವನು ಎಂದು ಅವನು ಹಿಂಜರಿದಾಗ ಸಿಕ್ಕ ಉತ್ತರ ಅವನ ಯೋಗ್ಯತೆಯ ಬಗ್ಗೆ ಅಲ್ಲ, ಜೊತೆಗಿರುವ ಬಗ್ಗೆ. ಮುಂದೆ ಮರಳುಗಾಡಿನಲ್ಲಿ ಹಗಲು ಮೇಘದ ಕಂಬ, ಇರುಳು ಬೆಂಕಿಯ ಕಂಬ. ಆ ದೇವರ ಮನೆಯೂ ಒಂದು ಗುಡಾರ. ಮೇಘ ಎದ್ದರೆ ಜನ ಹೊರಡುತ್ತಾರೆ, ನಿಂತರೆ ನಿಲ್ಲುತ್ತಾರೆ. ಗುಡಾರಕ್ಕೆ ‘ಮಿಷ್ಕಾನ್’ ಎಂದು ಹೆಸರು, ವಾಸವಾಗಿರು ಎಂಬ ಧಾತುವಿನಿಂದ ಬಂದದ್ದು. ಅದೇ ಧಾತುವಿನಿಂದ ನಂತರದ ಯೆಹೂದಿ ಗುರುಗಳು ‘ಷೆಖಿನಾ’ ಎಂಬ ಸ್ತ್ರೀಲಿಂಗದ ಶಬ್ದ ಕಟ್ಟಿದರು. ಬೈಬಲಿನಲ್ಲಿ ಆ ಶಬ್ದವಿಲ್ಲ. ಜನ ಗಡಿಪಾರಾದಾಗ ಷೆಖಿನಾ ಕೂಡ ಅವರ ಜೊತೆ ಗಡಿಪಾರಾಯಿತು ಎಂದು ತಾಲ್ಮೂದ್ ಹೇಳುತ್ತದೆ. ಮಂದೆಯ ಹಿಂದೆ ಊರೂರು ತಿರುಗುವವರನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಎಂಬತ್ತನೆಯ ಕೀರ್ತನೆಯಂತೂ ಒಂದೇ ವಚನದಲ್ಲಿ ದೇವರನ್ನು ಮಂದೆ ನಡೆಸುವ ಕುರುಬನೆಂದೂ ಕೆರೂಬಿಗಳ ನಡುವೆ ಕೂತು ಬೆಳಗುವವನೆಂದೂ ಕರೆಯುತ್ತದೆ.

ಹುಡುಗನ ಎರಡನೆಯ ಪ್ರಶ್ನೆ ಉಳಿಯಿತು. ಕಡೆಗೆ ಮಾರುವುದೇ ಅಲ್ಲವೇ? ನಲವತ್ತನಾಲ್ಕನೆಯ ಕೀರ್ತನೆ ದೇವರ ಮೇಲೆ ನೇರವಾಗಿ ಇದೇ ಆರೋಪ ಹೊರಿಸುತ್ತದೆ: ನಮ್ಮನ್ನು ಕಟುಕನ ಕುರಿಗಳನ್ನಾಗಿ ಮಾಡಿದೆ, ಕಾಸಿಗೂ ಬೆಲೆಯಿಲ್ಲದಂತೆ ಮಾರಿದೆ ಎಂದು. ಹೊಸ ಒಡಂಬಡಿಕೆ ರೂಪಕವನ್ನೇ ತಲೆಕೆಳಗು ಮಾಡುತ್ತದೆ. ಯೋಹಾನನಲ್ಲಿ ಕೂಲಿಯವನು ತೋಳ ಕಂಡು ಓಡುತ್ತಾನೆ, ಒಳ್ಳೆಯ ಕುರುಬ ತಾನೇ ಸಾಯುತ್ತಾನೆ. ಪ್ರಕಟನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಕೊಯ್ಯಲ್ಪಟ್ಟ ಕುರಿಮರಿಯೇ ಕುರುಬನಾಗಿ ನೀರಿನ ಬುಗ್ಗೆಗಳ ಕಡೆಗೆ ನಡೆಸುತ್ತದೆ. ಇದು ನಂಬುವವರಿಗೆ ಉತ್ತರ. ನನಗೆ ಉತ್ತರಕ್ಕಿಂತ ಆ ಆರೋಪವನ್ನೂ ಪ್ರಾರ್ಥನೆಗಳ ನಡುವೆಯೇ ಉಳಿಸಿಕೊಂಡವರ ಪ್ರಾಮಾಣಿಕತೆ ದೊಡ್ಡದಾಗಿ ಕಾಣುತ್ತದೆ.

ಈ ರೂಪಕದ ಬಗ್ಗೆ ನನ್ನ ತಕರಾರೂ ಒಂದಿದೆ. ಮನುಷ್ಯರನ್ನು ಕುರಿ ಎಂದಾಗ ಯೋಚನೆ ಮಾಡುವುದು ಕುರುಬನ ಪಾಲಿಗೆ ಹೋಗುತ್ತದೆ; ಪೀಠದಲ್ಲಿ ಕೂತವರಿಗೆ ಇದು ಬಹಳ ಅನುಕೂಲ. ಲೂಕನಿಗೆ ಇದು ಗೊತ್ತಿತ್ತೋ ಏನೋ. ಕಳೆದುಹೋದ ಕುರಿಯ ಕಥೆಯ ಬೆನ್ನಿಗೇ ಇನ್ನೊಂದು ಕಥೆಯಿದೆ. 10 ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸೊಬ್ಬಳು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ, ಸಿಗುವವರೆಗೂ ಹುಡುಕುತ್ತಾಳೆ. ಕುರುಬ ದೇವರಿಗೆ ಹೋಲಿಕೆಯಾದರೆ ಈ ಹೆಂಗಸೂ ಅಷ್ಟೇ ಹೋಲಿಕೆ. ಆದರೆ ಕಸಬರಿಗೆ ಹಿಡಿದ ದೇವರ ಕ್ಯಾಲೆಂಡರನ್ನು ನಾನಂತೂ ಎಲ್ಲಿಯೂ ಕಂಡಿಲ್ಲ.

ನನ್ನ ಗೆಳತಿಗೆ ವರ್ಗವಾಗಿ, ನಿವೃತ್ತಿಯೂ ಆಯಿತು. ಯಜಮಾನರು ಹೋದ ಮೊದಲ ತಿಂಗಳು ಅವರು ದಿನವೂ ಸಂಜೆ ಬಂದು ಜಗಲಿಯ ಮೇಲೆ ಕೂತು, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಆಗ ನನಗೆ ಅದು ಅರ್ಥವಾಗಿರಲಿಲ್ಲ. ಬೈಬಲನ್ನು ಹಿಂದಿರುಗಿಸಲು ಹೋದಾಗ, “ಜಗಳ ಮುಗೀತೇನ್ರಿ ಅಕ್ಕಾ?” ಎಂದು ಕೇಳಿದರು. ಇಲ್ಲ ಎಂದೆ. “ಹಂಗಾದ್ರ ನಿಮ್ಮ ಹಂತೇಕನ ಇರಲಿ” ಎಂದರು. ಈಗಲೂ ನನ್ನ ಬಳಿಯೇ ಇದೆ.